ಒಂದೂವರೆಯ ಬಿಸಿಲಿಗೆ ಸೈಕಲ್ ಸೂತ್ರಗಳು

ಏಪ್ರಿಲ್ ಬಂತೆಂದರೆ ಕಲಬುರಗಿ ವಿಭಾಗದ ಜಿಲ್ಲೆಗಳಲ್ಲೂ ವಿಜಯಪುರ, ಬಾಗಲಕೋಟೆಗಳಲ್ಲೂ ಸರ್ಕಾರಿ ಕಚೇರಿಗಳ ವೇಳೆ ಬದಲಾಗುತ್ತದೆ. ಬೆಳಿಗ್ಗೆ 8ಕ್ಕೆ ಶುರು, ಮಧ್ಯಾಹ್ನ 1.30ಕ್ಕೆ ಮುಗಿತಾಯ. ಮೇ ಕೊನೆಯವರೆಗೂ ಇದೇ ಕ್ರಮ. ಸೈಕಲ್ ಮೇಲೆ ಕೆಲಸಕ್ಕೆ ಹೋಗುವವರಿಗೆ ಇದು ಅರ್ಧ ವರ, ಅರ್ಧ ಪರೀಕ್ಷೆ. ಏಳೂಕಾಲಿಗೆ ಮನೆ ಬಿಟ್ಟರೆ ಗಾಳಿ ಇನ್ನೂ ತಂಪಾಗಿರುತ್ತದೆ, ರಸ್ತೆ ಖಾಲಿ ಇರುತ್ತದೆ, ಮೈ ಹಗುರವಾಗಿರುತ್ತದೆ. ಮರಳುವಾಗ ಮಾತ್ರ ಸೂರ್ಯ ನೆತ್ತಿಯಿಂದ ಸ್ವಲ್ಪವೇ ಜಾರಿರುತ್ತಾನೆ. ಟಾರು ರಸ್ತೆಯಿಂದ ಝಳ ಏಳುತ್ತಿರುತ್ತದೆ, ಮನೆಗಳ ಮುಂದಿನ ಶಹಾಬಾದ್ ಕಲ್ಲಿನ ಹಾಸು ಬರಿಗಾಲಲ್ಲಿ ಮೆಟ್ಟಲಾಗದಷ್ಟು ಕಾದಿರುತ್ತದೆ.

ಬಿಸಿಲುನಾಡಿನ ಸೈಕಲ್ ಸವಾರಿ ಗೆಲ್ಲುವುದೂ ಸೋಲುವುದೂ ಈ ಮರಳುವ ದಾರಿಯಲ್ಲೇ. ಬೆಳಗಿನ ತಂಪಿಗೆ ಮನಸೋತು ಸೈಕಲ್ ಹತ್ತಿದವರು ವಾರದೊಳಗೆ ಅದನ್ನು ಗೋಡೆಗೆ ಒರಗಿಸಿಬಿಡುವುದು ಮಧ್ಯಾಹ್ನದ ಲೆಕ್ಕ ಹಾಕದ್ದರಿಂದ. ನಾಲ್ಕರಿಂದ ಎಂಟು ಕಿಲೋಮೀಟರ್ ದೂರದ ಕೆಲಸಕ್ಕೆ ಸೈಕಲ್ ಅತ್ಯುತ್ತಮ ವಾಹನವೆಂದು ನಾನು ನಂಬಿದ್ದೇನೆ. ಬೇಸಿಗೆಯಲ್ಲೂ ಅದನ್ನು ಕೈಬಿಡಬೇಕಿಲ್ಲ. ಆದರೆ ಹಟದಿಂದ ಆಗುವ ಕೆಲಸ ಇದಲ್ಲ, ತಿಳಿವಳಿಕೆಯಿಂದ ಆಗುವಂಥದ್ದು.

1. ಮರಳುವ ವೇಳೆಯನ್ನು ಮೊದಲು ನಿಗದಿ ಮಾಡಿ

ಗಾಳಿಯ ಉಷ್ಣಾಂಶ ತುತ್ತತುದಿ ಮುಟ್ಟುವುದು ಮಧ್ಯಾಹ್ನ ಹನ್ನೆರಡಕ್ಕಲ್ಲ, ಸುಮಾರು ಮೂರು ಗಂಟೆಗೆ. ನೆಲ ಕಾದು, ಆ ಕಾವು ಗಾಳಿಗೆ ದಾಟಲು ಅಷ್ಟು ಹೊತ್ತು ಬೇಕು. ಆದ್ದರಿಂದ ಕಚೇರಿ ಬಿಟ್ಟ ಕೂಡಲೇ ಹೊರಡಿ, ಇಲ್ಲವೇ ಐದೂವರೆಯ ಮೇಲೆ ಹೊರಡಿ. ಚಹಾ ಕುಡಿದು, ಹರಟೆ ಹೊಡೆದು, ಎರಡೂವರೆಗೆ ಪೆಡಲ್ ತುಳಿಯಲು ಶುರು ಮಾಡುವುದು ಎಲ್ಲಕ್ಕಿಂತ ಕೆಟ್ಟ ಆಯ್ಕೆ. ಗ್ರಂಥಾಲಯದಲ್ಲೋ ಕಚೇರಿಯ ಫ್ಯಾನಿನ ಕೆಳಗೋ ಸಂಜೆಯವರೆಗೆ ಕೂರುವ ಅನುಕೂಲವಿದ್ದರೆ ಅದನ್ನೇ ಆರಿಸಿಕೊಳ್ಳಿ. ಮನೆಯಲ್ಲಿ ಮಕ್ಕಳು ಕಾಯುತ್ತಿರುವವರಿಗೆ ಈ ಸವಲತ್ತು ಇರುವುದಿಲ್ಲ. ಮುಂದಿನ ಸೂತ್ರಗಳು ಹೆಚ್ಚಾಗಿ ಅವರಿಗಾಗಿಯೇ.

2. ಯುಗಾದಿಗೆ ಮೊದಲೇ ಮೈ ಪಳಗಿಸಿ

ಬಿಸಿಲಿಗೆ ಮೈ ಒಗ್ಗುತ್ತದೆ ಎಂಬ ಮಾತು ಬರೀ ಸಮಾಧಾನದ ಮಾತಲ್ಲ. ಬಿಸಿಲಲ್ಲಿ ದಿನವೂ ಒಂದಿಷ್ಟು ಶ್ರಮಪಟ್ಟರೆ ಏಳರಿಂದ ಹದಿನಾಲ್ಕು ದಿನಗಳಲ್ಲಿ ದೇಹ ನಿಜಕ್ಕೂ ಬದಲಾಗುತ್ತದೆ. ರಕ್ತದಲ್ಲಿನ ದ್ರವದ ಪ್ರಮಾಣ ಹೆಚ್ಚುತ್ತದೆ, ಬೆವರು ಬೇಗ ಶುರುವಾಗುತ್ತದೆ, ಅದರಲ್ಲಿ ಹೋಗುವ ಉಪ್ಪು ಕಡಿಮೆಯಾಗುತ್ತದೆ, ಅದೇ ಕೆಲಸಕ್ಕೆ ಎದೆಬಡಿತ ಇಳಿಯುತ್ತದೆ. ಮಾರ್ಚ್ ಮೊದಲ ವಾರದಿಂದ ಸೈಕಲ್ ತುಳಿಯುತ್ತ ಬಂದವರಿಗೆ ಏಪ್ರಿಲ್ ಅಷ್ಟಾಗಿ ಹೆದರಿಸುವುದಿಲ್ಲ. ಏಪ್ರಿಲ್ ನಡುವೆ ಹುಮ್ಮಸ್ಸಿನಿಂದ ಹೊಸದಾಗಿ ಶುರು ಮಾಡುವವರು ಮೊದಲ ವಾರ ಬೆಳಿಗ್ಗೆ ಮಾತ್ರ ಪೂರ್ತಿ ದಾರಿ ತುಳಿದು, ಮಧ್ಯಾಹ್ನ ಅರ್ಧ ದಾರಿಯಷ್ಟೇ ಸವಾರಿ ಮಾಡಲಿ.

ಗಳಿಸಿದ ಈ ಶಕ್ತಿ ಶಾಶ್ವತವಲ್ಲ. ಎರಡು-ಮೂರು ವಾರ ರಜೆ ಹಾಕಿ ಊರಿಗೆ ಹೋಗಿ ನೆರಳಲ್ಲೇ ಉಳಿದವರು ಮರಳಿದ ಮೇಲೆ ಮತ್ತೆ ನಿಧಾನಕ್ಕೆ ಶುರು ಮಾಡಬೇಕು.

3. ನಿಧಾನಕ್ಕೆ ತುಳಿಯಿರಿ, ಲೆಕ್ಕ ಹಾಕಿಯೇ ನಿಧಾನಕ್ಕೆ ತುಳಿಯಿರಿ

ಒಂದೇ ಒಂದು ಸೂತ್ರ ಹೇಳಿ ಮುಗಿಸಿ ಎಂದರೆ ನಾನು ಇದನ್ನೇ ಹೇಳುತ್ತೇನೆ.

ಪೆಡಲ್ ತುಳಿಯಲು ನಿಮ್ಮ ಮೈ ಖರ್ಚು ಮಾಡುವ ಶಕ್ತಿಯಲ್ಲಿ ಚಕ್ರ ತಿರುಗಿಸುವುದಕ್ಕೆ ಸಲ್ಲುವುದು ಹೆಚ್ಚೆಂದರೆ ಕಾಲುಭಾಗ. ಉಳಿದ ಮುಕ್ಕಾಲು ಭಾಗ ಮೈಯೊಳಗೇ ಶಾಖವಾಗಿ ಉಳಿಯುತ್ತದೆ. ಇನ್ನು ಗಾಳಿ ಒಡ್ಡುವ ತಡೆ ವೇಗದ ಜೊತೆ ಸಮಸಮನಾಗಿ ಏರುವುದಿಲ್ಲ, ಜಿಗಿಯುತ್ತದೆ. ನೆಟ್ಟಗೆ ಕೂತು ತುಳಿಯುವ ಸಾಮಾನ್ಯ ಸೈಕಲ್ಲಿನಲ್ಲಿ, ಸಮತಟ್ಟಾದ ರಸ್ತೆಯಲ್ಲಿ, ಗಂಟೆಗೆ 15 ಕಿಲೋಮೀಟರ್ ಹೋಗಲು ಸುಮಾರು 55 ವ್ಯಾಟ್ ಸಾಕು. ಅದನ್ನೇ 20ಕ್ಕೆ ಏರಿಸಿದರೆ ಹತ್ತಿರ ಹತ್ತಿರ 100 ವ್ಯಾಟ್ ಬೇಕು. ಆರು ಕಿಲೋಮೀಟರ್ ದಾರಿಯಲ್ಲಿ ಹೀಗೆ ಉಳಿಯುವ ಸಮಯ ಆರು ನಿಮಿಷ. ಆ ಆರು ನಿಮಿಷಕ್ಕಾಗಿ ನಿಮಿಷ ನಿಮಿಷಕ್ಕೂ ದುಪ್ಪಟ್ಟಿನಷ್ಟು ಶಾಖವನ್ನು ಮೈಯಲ್ಲಿ ಹುಟ್ಟಿಸಿಕೊಳ್ಳುತ್ತೀರಿ. 42 ಡಿಗ್ರಿ ಬಿಸಿಲಲ್ಲಿ ಅದನ್ನು ಹೊರಹಾಕಲು ದೇಹ ಪಡುವ ಪಾಡು ಸಾಮಾನ್ಯದ್ದಲ್ಲ.

ಅಳತೆಗೆ ಮೀಟರ್ ಬೇಕಿಲ್ಲ. ಬಾಯಿ ಮುಚ್ಚಿಕೊಂಡು ಮೂಗಲ್ಲೇ ಉಸಿರಾಡುತ್ತ ತುಳಿಯಲು ಸಾಧ್ಯವಾಗುತ್ತಿದೆಯೇ? ಹಾಗಾದರೆ ವೇಗ ಸರಿಯಾಗಿದೆ. ಬಾಯಿ ತೆರೆಯಿತೆಂದರೆ ಒಂದು ಗೇರ್ ಇಳಿಸಿ. ಗೇರ್ ಇಲ್ಲದ ಸೈಕಲ್ಲಾದರೆ ಏರಿನಲ್ಲಿ, ಫ್ಲೈಓವರ್ ಹತ್ತುವಾಗ, ಇಳಿದು ತಳ್ಳಿಕೊಂಡು ನಡೆಯಿರಿ. ಇದರಲ್ಲಿ ಮುಜುಗರಪಡುವಂಥದ್ದು ಏನೂ ಇಲ್ಲ. ಎದುರುಗಾಳಿ ಇದ್ದ ದಿನ ಗಡಿಯಾರ ನೋಡುವುದನ್ನೇ ಬಿಡಿ.

4. ಚರ್ಮದ ಗೆರೆ ನೆನಪಿಡಿ: 35 ಡಿಗ್ರಿ

ಬಿಸಿಲಲ್ಲಿ ನಮ್ಮ ಚರ್ಮದ ಉಷ್ಣಾಂಶ ಸುಮಾರು 35 ಡಿಗ್ರಿ ಇರುತ್ತದೆ. ಹೊರಗಿನ ಗಾಳಿ ಅದಕ್ಕಿಂತ ತಣ್ಣಗಿದ್ದರೆ ಬೀಸುವ ಗಾಳಿ ಮೈಯ ಕಾವನ್ನು ಹೊತ್ತೊಯ್ಯುತ್ತದೆ. ಗಾಳಿ 40 ದಾಟಿದಾಗ ಲೆಕ್ಕ ತಿರುಗುಮುರುಗಾಗುತ್ತದೆ. ಒಣಗಿದ ಮೈಗೆ ತಗಲುವ ಗಾಳಿ ಆಗ ಕಾವನ್ನು ತುಂಬುತ್ತದೆ. ರಾಯಚೂರಿನಲ್ಲೋ ಯಾದಗಿರಿಯಲ್ಲೋ ಮೇ ತಿಂಗಳ ಮಧ್ಯಾಹ್ನ ಬೈಕ್ ಓಡಿಸಿದವರಿಗೆ ಮುಖಕ್ಕೆ ಬಡಿಯುವ ಆ ಗಾಳಿ ಗೊತ್ತು. ಆ ಹೊತ್ತಿನಲ್ಲಿ ದೇಹವನ್ನು ಕಾಯುವುದು ಆವಿಯಾಗುವ ನೀರು ಮಾತ್ರ. ಒಂದು ಲೀಟರ್ ಬೆವರು ಮೈಮೇಲೆಯೇ ಪೂರ್ತಿ ಆವಿಯಾದರೆ ಸುಮಾರು 580 ಕಿಲೋಕ್ಯಾಲರಿ ಶಾಖವನ್ನು ಕೊಂಡೊಯ್ಯುತ್ತದೆ. ತೊಟ್ಟಿಕ್ಕಿ ನೆಲಕ್ಕೆ ಬಿದ್ದ ಬೆವರಿನಿಂದ ಮೈಗೆ ಪ್ರಯೋಜನವಿಲ್ಲ.

ಇದರಿಂದ ಹೊಳೆಯುವ ಉಪಾಯ ತೀರಾ ಸರಳ: ನಮ್ಮ ಒಣ ಬಿಸಿಲಲ್ಲಿ ಒಣ ಮೈಯಲ್ಲಿ ಹೊರಡಬೇಡಿ.

ಕಲಬುರಗಿಯ ಕಪನೂರ ಕೈಗಾರಿಕಾ ಪ್ರದೇಶದ ಕಡೆ ದಾಲ್ ಮಿಲ್ಲುಗಳಿವೆ. ಅಲ್ಲಿ ಪಾಳಿ ಬಿಟ್ಟ ಹೊತ್ತಿಗೆ ನಲ್ಲಿಯ ಹತ್ತಿರ ನಿಂತು ನೋಡಿ. ಒಬ್ಬ ಹಮಾಲರು ತಲೆಯ ಟವೆಲ್ ಬಿಚ್ಚಿ, ಅದರಲ್ಲಿದ್ದ ತೊಗರಿಯ ದೂಳನ್ನು ಎರಡು ಸಲ ಝಾಡಿಸಿ, ನಲ್ಲಿಯ ಕೆಳಗೆ ಹಿಡಿಯುತ್ತಾರೆ. ಹಿಂಡುವುದಿಲ್ಲ. ನೀರು ಸುರಿಯುತ್ತಿರುವಾಗಲೇ ಅದನ್ನು ಉದ್ದಕ್ಕೆ ಮಡಚಿ, ನಡುಭಾಗ ಕುತ್ತಿಗೆಯ ಹಿಂದೆ ಬರುವಂತೆ ಹಾಕಿ, ಎರಡೂ ತುದಿಗಳನ್ನು ಅಂಗಿಯ ಒಳಗೆ ಎದೆಯ ಮೇಲೆ ಇಳಿಬಿಡುತ್ತಾರೆ. ಆಮೇಲೆ ಬೊಗಸೆ ನೀರು ತೋಳಿಗೆ, ಬೊಗಸೆ ನೀರು ನೆತ್ತಿಗೆ. ಅಂಗಿಯ ಬೆನ್ನು ತೊಯ್ದು ಮೈಗೆ ಅಂಟಿರುವಾಗಲೇ ಸೈಕಲ್ ಹತ್ತುತ್ತಾರೆ. ಯಾವ ಅಂಗಡಿಯಲ್ಲಿ ಸಿಗುವ ದುಬಾರಿ ಬಟ್ಟೆಯೂ ಈ ವಿದ್ಯೆಯನ್ನು ಮೀರಿಸುವುದಿಲ್ಲ. ಮಳೆಯಿರಲಿ ಬಿಸಿಲಿರಲಿ ಸೈಕಲ್ ಬಿಟ್ಟರೆ ಬೇರೆ ದಾರಿಯಿಲ್ಲದವರು ಹೀಗೆ ಕಂಡುಕೊಂಡದ್ದನ್ನು ನಾವು, ಇಷ್ಟಪಟ್ಟು ಸೈಕಲ್ ಹತ್ತುವವರು, ಗೌರವದಿಂದ ಕಲಿಯಬೇಕು.

ಮನೆಗೆ ಮರಳುವಾಗ ಬಟ್ಟೆ ಒದ್ದೆಯಾದರೆ ಯಾರಿಗೇನು? ಮಧ್ಯಾಹ್ನದ ಸವಾರಿಗೆ ಅಂಗಿ, ಟವೆಲ್ ಎರಡನ್ನೂ ತೋಯಿಸಿಯೇ ಹೊರಡಿ. ಇಪ್ಪತ್ತು ನಿಮಿಷದಲ್ಲಿ ಒಣಗಿಹೋಗುತ್ತವೆ. ದಾರಿ ಉದ್ದವಾಗಿದ್ದರೆ ನಡುವೆ ಒಮ್ಮೆ ಮತ್ತೆ ತೋಯಿಸಿಕೊಳ್ಳಿ.

5. ಮಂಗಳೂರಿನವರಿಗೆ ಈ ಪಾಠ ಹೊಂದುವುದಿಲ್ಲ

ಕರಾವಳಿಯಲ್ಲಿ ಉಷ್ಣಾಂಶ 33–34ರ ಆಚೀಚೆ ಇದ್ದರೂ ಗಾಳಿಯಲ್ಲಿ ತೇವ ತುಂಬಿರುತ್ತದೆ. ಬೆವರು ಆವಿಯಾಗದೆ ಹಾಗೇ ಹರಿಯುತ್ತದೆ. ಅಲ್ಲಿ ಒದ್ದೆ ಟವೆಲ್ ಹೆಗಲಿಗೆ ಭಾರವಷ್ಟೇ. ಉಡುಪಿ, ಮಂಗಳೂರು, ಕಾರವಾರದ ಸವಾರರು ತೆಳ್ಳಗಿನ, ಬೇಗ ಒಣಗುವ ಬಟ್ಟೆ ಹಾಕಿ, ಗಾಳಿಯಾಡುವ ರಸ್ತೆ ಹಿಡಿದು, ಕಚೇರಿಯಲ್ಲಿ ಪೂರ್ತಿ ಬಟ್ಟೆ ಬದಲಿಸುವ ಏರ್ಪಾಡು ಮಾಡಿಕೊಳ್ಳಲಿ. ಮಂಗಳೂರಿನ ಏರಿಳಿತ ಬೇರೆ ಇದೆ. ಗೇರ್ ಇರುವ ಸೈಕಲ್ ಅಲ್ಲಿ ಅಗತ್ಯ.

6. ಮೈ ಮುಚ್ಚಿ, ಸಡಿಲವಾಗಿ ಮುಚ್ಚಿ

ಬಿಸಿಲೆಂದು ತೋಳಿಲ್ಲದ ಬನಿಯನ್ ಹಾಕುವುದು ತಪ್ಪು. ನೇರ ಬಿಸಿಲು ಚರ್ಮಕ್ಕೆ ಬೀಳದಂತೆ ತಡೆಯುವ, ಒಳಗೆ ಗಾಳಿಯಾಡುವ, ತಿಳಿ ಬಣ್ಣದ ತುಂಬುತೋಳಿನ ಅಂಗಿಯೇ ಒಳ್ಳೆಯದು. ನಮ್ಮ ಕಡೆಯ ರೈತರ ಬಿಳಿ ಅಂಗಿ, ಬಿಳಿ ಧೋತರ, ತಲೆಯ ದೊಡ್ಡ ರುಮಾಲು ಬಿಸಿಲನ್ನು ಬಲ್ಲವರ ಉಡುಗೆ. ಹತ್ತಿ ಬಟ್ಟೆ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಒಣಬಿಸಿಲಿನ ಊರಲ್ಲಿ ಅದೇ ಅದರ ಗುಣ. ಜೀನ್ಸ್ ಮಾತ್ರ ಬೇಡವೇ ಬೇಡ. ದಪ್ಪ, ಬಿಗಿ, ಒಣಗುವುದಿಲ್ಲ, ತೊಡೆ ಉಜ್ಜಿ ಗಾಯವಾಗುತ್ತದೆ.

ಚೂಡಿದಾರ್, ಸೀರೆ ಉಡುವವರು ಸೈಕಲ್ ಕೊಳ್ಳುವಾಗಲೇ ಪೂರ್ತಿ ಚೈನ್ ಕವರ್ ಮತ್ತು ಹಿಂದಿನ ಚಕ್ರಕ್ಕೆ ಜಾಲರಿ ಇರುವುದನ್ನು ಆರಿಸಿ. ದುಪಟ್ಟಾವನ್ನು ಅಡ್ಡ ಹಾಕಿ ಸೊಂಟದಲ್ಲಿ ಗಂಟು ಹಾಕಿ. ಬಿಸಿಗಾಳಿ ಜೋರಾಗಿ ಬೀಸುವ ದಿನ ಅದು ಹಾರಿ ಚಕ್ರಕ್ಕೆ ಸಿಕ್ಕುವ ಅಪಾಯ ಹೆಚ್ಚು.

7. ತಲೆ ಮತ್ತು ಕಣ್ಣು

ಗಾಳಿ ಕಿಂಡಿಗಳಿರುವ ಸೈಕಲ್ ಹೆಲ್ಮೆಟ್ ಹಾಕಿ. ಬೈಕಿನ ಹೆಲ್ಮೆಟ್ ಈ ಕೆಲಸಕ್ಕೆ ಬಾರದು, ತಲೆ ಬೆಂದುಹೋಗುತ್ತದೆ. ಹೆಲ್ಮೆಟ್ಟಿನ ಒಳಗೆ ಒದ್ದೆ ಮಾಡಿದ ತೆಳು ಕರ್ಚೀಫು ಹರಡಿಕೊಂಡರೆ ನೆತ್ತಿ ತಂಪಾಗಿರುತ್ತದೆ, ಬೆವರು ಕಣ್ಣಿಗೆ ಇಳಿಯುವುದೂ ನಿಲ್ಲುತ್ತದೆ. ದೂಳು ಮತ್ತು ಬಿಸಿಗಾಳಿಗೆ ಕನ್ನಡಕ ಬೇಕೇ ಬೇಕು.

8. ನೀರು: ಹೊರಡುವ ಮೊದಲು, ನಡುವೆ, ಮುಟ್ಟಿದ ಮೇಲೆ

ಬಾಯಾರಿದ ಮೇಲೆ ಕುಡಿಯೋಣ ಎಂದು ಕಾಯಬೇಡಿ. ಮಧ್ಯಾಹ್ನ ಒಂದು ಗಂಟೆಗೆ, ಅಂದರೆ ಹೊರಡುವ ಅರ್ಧ ಗಂಟೆ ಮೊದಲು, ಎರಡು ಲೋಟ ನೀರು ಕುಡಿಯಿರಿ. ಕಚೇರಿಯಲ್ಲಿ ಇಡೀ ಬೆಳಗು ನೀರು ಮುಟ್ಟದೆ ಕೂತು, ಆಮೇಲೆ ಬಿಸಿಲಿಗೆ ಇಳಿಯುವುದೇ ಹೆಚ್ಚಿನವರ ತಲೆನೋವಿಗೆ ಕಾರಣ. ಮೂತ್ರದ ಬಣ್ಣ ನೋಡಿಕೊಳ್ಳಿ. ತಿಳಿ ಹಳದಿಯಾಗಿದ್ದರೆ ಸರಿ. ಕಡು ಹಳದಿಯಾಗಿದ್ದರೆ ಸೈಕಲ್ ಹತ್ತುವ ಮೊದಲು ನೀರು ಕುಡಿದು ಸ್ವಲ್ಪ ತಡೆಯಿರಿ.

ಬಾಟಲಿಯ ನೀರು ಹತ್ತೇ ನಿಮಿಷದಲ್ಲಿ ಚಹಾದಂತೆ ಬಿಸಿಯಾಗುತ್ತದೆ ಎಂಬ ದೂರು ಸಾಮಾನ್ಯ. ಸ್ಟೀಲ್ ಬಾಟಲಿಗೆ ಹಳೆಯ ಕಾಲುಚೀಲ ತೊಡಿಸಿ, ಅದನ್ನು ನೀರಲ್ಲಿ ಅದ್ದಿ, ಹ್ಯಾಂಡಲ್ಲಿನ ಮುಂದೆ ಗಾಳಿ ತಗಲುವ ಕಡೆ ಕಟ್ಟಿ. ಮಣ್ಣಿನ ಹೂಜಿಯಲ್ಲಿ ನೀರು ತಣ್ಣಗಾಗುವ ಕ್ರಮವೇ ಇದು. ಕಾಲುಚೀಲದ ನೀರು ಆವಿಯಾಗುತ್ತ ಬಾಟಲಿಯ ಕಾವನ್ನು ಹೀರುತ್ತದೆ.

ಅರ್ಧ ಗಂಟೆಯ ಸವಾರಿಗೆ ಬರಿ ನೀರೇ ಸಾಕು. ದಿನವೂ ಓಆರ್‌ಎಸ್ ಪೊಟ್ಟಣ ಒಡೆಯುವ ಅಗತ್ಯವಿಲ್ಲ. ಮನೆ ಮುಟ್ಟಿದ ಮೇಲೆ ಉಪ್ಪು, ಜೀರಿಗೆ ಹಾಕಿದ ಒಂದು ದೊಡ್ಡ ಲೋಟ ನೀರುಮಜ್ಜಿಗೆಯೋ ಜೋಳದ ಅಂಬಲಿಯೋ ಆದರೆ ಹೋದ ಉಪ್ಪು, ನೀರು ಎರಡೂ ಮರಳುತ್ತವೆ. ಎಳನೀರು ಒಳ್ಳೆಯದೇ. ಆದರೆ ಅದರಲ್ಲಿ ಪೊಟ್ಯಾಶಿಯಂ ಧಾರಾಳವಾಗಿದ್ದು ಸೋಡಿಯಂ ಕಡಿಮೆ, ಬೆವರಿನಲ್ಲಿ ಹೋಗುವುದು ಹೆಚ್ಚಾಗಿ ಸೋಡಿಯಂ. ವಿಪರೀತ ಬೆವರಿ ಸುಸ್ತಾದ ದಿನ ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ತಲೆ ಸವರಿದ ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು ಬೆರೆಸಿ. ಅಳತೆ ಕಟ್ಟುನಿಟ್ಟಾಗಿರಲಿ, ಉಪ್ಪು ಹೆಚ್ಚಾಗುವುದೂ ಹಾನಿಯೇ. ರಕ್ತದೊತ್ತಡ ಇರುವವರು ಉಪ್ಪಿನ ವಿಚಾರದಲ್ಲಿ ತಮ್ಮ ವೈದ್ಯರ ಮಾತನ್ನೇ ಕೇಳಲಿ.

ದಾರಿಯ ಅರವಟ್ಟಿಗೆಗಳನ್ನು ಗುರುತು ಮಾಡಿಟ್ಟುಕೊಳ್ಳಿ. ಬೇಸಿಗೆ ಬಂದರೆ ನಮ್ಮ ಊರುಗಳಲ್ಲಿ ಅಂಗಡಿಗಳ ಮುಂದೆ, ಗುಡಿಗಳ ಮುಂದೆ ಒದ್ದೆ ಗೋಣಿ ಸುತ್ತಿದ ಮಣ್ಣಿನ ಗಡಿಗೆಗಳನ್ನು ಇಟ್ಟು ಬಾಯಾರಿದವರಿಗೆ ನೀರು ಕೊಡುವ ಈ ಪದ್ಧತಿಯನ್ನು ನಾನು ಬಹಳ ದೊಡ್ಡದೆಂದು ಎಣಿಸುತ್ತೇನೆ. ಸೈಕಲ್ ಸವಾರರಿಗಂತೂ ಅದು ಆಸರೆ.

9. ಹೊಟ್ಟೆ

ಉಪವಾಸದಲ್ಲಿ ತುಳಿಯಬೇಡಿ, ಊಟ ಮಾಡಿದ ಕೂಡಲೇ ತುಳಿಯಬೇಡಿ. ಹನ್ನೊಂದರ ಸುಮಾರಿಗೆ ಒಂದು ಬಾಳೆಹಣ್ಣು, ಒಂದು ಹಿಡಿ ಶೇಂಗಾ. ಊಟ ಮನೆಗೆ ಹೋಗಿ ತಣಿದ ಮೇಲೆ.

10. ನೆರಳಿನ ಲೆಕ್ಕ ಕಲಿಯಿರಿ

ಹತ್ತಿರದ ದಾರಿಗಿಂತ ನೆರಳಿನ ದಾರಿ ಒಳ್ಳೆಯದು. ಒಂದು ಕಿಲೋಮೀಟರ್ ಹೆಚ್ಚಾದರೂ ಚಿಂತೆಯಿಲ್ಲ. ಆದರೆ ಯಾವ ನೆರಳು ಯಾವ ಹೊತ್ತಿಗೆ ಎಲ್ಲಿ ಬೀಳುತ್ತದೆ ಎಂದು ತಿಳಿದಿರಬೇಕು.

ಕಲಬುರಗಿಯ ಮೇಲೆ ಮೇ ಎರಡನೇ ವಾರದ ಹೊತ್ತಿಗೆ ಸೂರ್ಯ ಸರಿಯಾಗಿ ನೆತ್ತಿಗೆ ಬರುತ್ತಾನೆ. ಆ ನಡುಹಗಲು ನಮ್ಮ ಗಡಿಯಾರದಲ್ಲಿ ಸುಮಾರು 12.20. ಒಂದೂವರೆಗೆ ಸೂರ್ಯ ಪಡುವಣಕ್ಕೆ ವಾಲಿರುವುದು ಬಹಳ ಕಡಿಮೆ. ಹತ್ತು ಮೀಟರ್ ಎತ್ತರದ ಕಟ್ಟಡದ ನೆರಳು ಮೂರು ಮೀಟರ್ ಚಾಚಿದರೆ ಹೆಚ್ಚು. ಅಂದರೆ ಆ ಹೊತ್ತಿಗೆ ಕಟ್ಟಡಗಳನ್ನು ನಂಬಿ ಫಲವಿಲ್ಲ. ರಸ್ತೆಯ ಮೇಲಕ್ಕೆ ಕೊಂಬೆ ಚಾಚಿದ ಮರಗಳಷ್ಟೇ ಕಾಯುತ್ತವೆ. ಆ ಮರಗಳಲ್ಲೂ ವ್ಯತ್ಯಾಸವಿದೆ. ಹೊಂಗೆ ಮತ್ತು ಬೇವು ಬೇಸಿಗೆಯ ಬಾಯಿಗೆ ಎಲೆ ಉದುರಿಸಿ ಬೇಗನೆ ಚಿಗುರುತ್ತವೆ, ಏಪ್ರಿಲ್ ಹೊತ್ತಿಗೆ ದಟ್ಟ ನೆರಳು ಕೊಡುತ್ತವೆ. ಹುಣಸೆ, ಆಲ ಕೂಡ ನಂಬಿಕಸ್ಥ. ಗುಲ್‌ಮೊಹರ್ ನೋಡಲು ಚೆಂದ, ಆದರೆ ಕೆಂಪು ಹೂ ಬಿಡುವ ಆ ದಿನಗಳಲ್ಲಿ ಅದರ ಕೊಂಬೆಗಳಲ್ಲಿ ಎಲೆ ವಿರಳ. ರಸ್ತೆ ಬದಿಗೆ ಗಿಡ ನೆಡುವವರು ಇದನ್ನು ಗಮನಿಸಬೇಕು.

ಬೆಳಿಗ್ಗೆ ಮತ್ತು ಸಂಜೆ ಕಟ್ಟಡಗಳ ನೆರಳು ಉದ್ದಕ್ಕೆ ಬೀಳುತ್ತದೆ. ನಾವು ರಸ್ತೆಯ ಎಡಬದಿಯಲ್ಲಿ ಹೋಗುವವರು. ಬೆಳಿಗ್ಗೆ ದಕ್ಷಿಣಕ್ಕೆ ಹೋಗುವಾಗ ಎಡಬದಿ ಎಂದರೆ ಮೂಡಣ ಬದಿ, ಅಲ್ಲಿನ ಮನೆಗಳ ನೆರಳು ನಿಮ್ಮ ಮೇಲೇ ಬೀಳುತ್ತದೆ. ಸಂಜೆ ಉತ್ತರಕ್ಕೆ ಮರಳುವಾಗ ಎಡಬದಿ ಪಡುವಣ ಬದಿ, ಮತ್ತೆ ನೆರಳು. ಮನೆ ಉತ್ತರಕ್ಕೆ, ಕಚೇರಿ ದಕ್ಷಿಣಕ್ಕೆ ಇದ್ದವರಿಗೆ ಇದು ತಾನಾಗಿ ಒದಗುತ್ತದೆ. ಉಳಿದವರು ತಮ್ಮ ದಾರಿಯಲ್ಲಿ ಯಾವ ತುಂಡು ಹೀಗೆ ಸಿಗುತ್ತದೆಂದು ಒಂದು ಭಾನುವಾರ ಸುತ್ತಾಡಿ ನೋಡಿಕೊಳ್ಳಿ. ಸಿಗ್ನಲ್ ಕಡಿಮೆ ಇರುವ ಒಳರಸ್ತೆಗಳನ್ನೂ ಆಗಲೇ ಹುಡುಕಿ. ನಿಂತಾಗ ಗಾಳಿ ನಿಲ್ಲುತ್ತದೆ, ಬೆವರು ಒಮ್ಮೆಗೇ ಧಾರೆಯಾಗುತ್ತದೆ.

11. ಟೈರಿನ ಗಾಳಿ ಇಳಿಸಬೇಡಿ, ಮುಳ್ಳಿಗೆ ಸಿದ್ಧರಾಗಿ

ಬೇಸಿಗೆಯಲ್ಲಿ ಟ್ಯೂಬ್ ಒಡೆಯುತ್ತದೆಂದು ಗಾಳಿ ಕಮ್ಮಿ ಹಾಕಿಸುವ ರೂಢಿ ಎಲ್ಲೆಡೆ ಇದೆ. ಲೆಕ್ಕ ಬೇರೆಯೇ ಹೇಳುತ್ತದೆ. ಬೆಳಿಗ್ಗೆ 27 ಡಿಗ್ರಿಯಲ್ಲಿ 50 ಪಿಎಸ್‌ಐ ತುಂಬಿದ ಟೈರು ಮಧ್ಯಾಹ್ನ 57 ಡಿಗ್ರಿಗೆ ಕಾದರೂ ಒತ್ತಡ 56–57ಕ್ಕೆ ಏರುತ್ತದೆ, ಅಷ್ಟೇ. ಗಟ್ಟಿ ಟೈರಿಗೆ ಇದು ಏನೂ ಅಲ್ಲ. ಟೈರಿನ ಬದಿಯಲ್ಲಿ ಅಚ್ಚಾಗಿರುವ ಗರಿಷ್ಠ ಮಿತಿಗಿಂತ ಹತ್ತು ಪಿಎಸ್‌ಐ ಕೆಳಗೆ ಇಟ್ಟುಕೊಂಡರೆ ಸಾಕು. ಬಿಸಿಲಲ್ಲಿ ನಿಜಕ್ಕೂ ಕೈಕೊಡುವುದು ಹಳೆಯ, ಬಿರುಕುಬಿಟ್ಟ ರಬ್ಬರು ಮತ್ತು ಅಂಟು ಮೆತ್ತಗಾಗಿ ಬಿಚ್ಚಿಕೊಳ್ಳುವ ಪಂಕ್ಚರ್ ತೇಪೆಗಳು. ತೇಪೆಯ ಮೇಲೆ ತೇಪೆ ಬಿದ್ದ ಟ್ಯೂಬನ್ನು ಮಾರ್ಚ್‌ನಲ್ಲೇ ಬದಲಿಸಿ. ಗಾಳಿ ಕಮ್ಮಿಯಾದ ಟೈರು ರಸ್ತೆಗೆ ಅಂಟಿದ ಹಾಗೆ ಎಳೆಯುತ್ತದೆ, ಆ ಶ್ರಮವೂ ಮೈಯ ಕಾವಾಗುತ್ತದೆ.

ನಮ್ಮ ಕಡೆ ಇನ್ನೊಂದು ಶತ್ರು ನೆಗ್ಗಿಲು ಮುಳ್ಳು, ಮತ್ತೊಂದು ಬಳ್ಳಾರಿ ಜಾಲಿ. ರಸ್ತೆಯಂಚಿನ ಮಣ್ಣಿಗೆ ಇಳಿದರೆ ಸಾಕು, ಚುಚ್ಚಿಕೊಳ್ಳುತ್ತವೆ. ಸವೆದ ಹಳೆಯ ಟ್ಯೂಬನ್ನು ಉದ್ದಕ್ಕೆ ಸೀಳಿ ಟೈರು ಮತ್ತು ಹೊಸ ಟ್ಯೂಬಿನ ನಡುವೆ ಹಾಸುವುದು ಸೈಕಲ್ ಶಾಪಿನವರ ಹಳೆಯ ಉಪಾಯ. ತೂಕ ಸ್ವಲ್ಪ ಹೆಚ್ಚುತ್ತದೆ. ಆದರೆ ಒಂದೂವರೆಯ ಬಿಸಿಲಲ್ಲಿ ಪಂಕ್ಚರ್ ಅಂಗಡಿ ಹುಡುಕಿಕೊಂಡು ಸೈಕಲ್ ನೂಕುವುದಕ್ಕಿಂತ ಆ ತೂಕ ಹಗುರ.

12. ಭಾರ ಬೆನ್ನಿಗೆ ಬೇಡ

ಚೀಲವನ್ನು ಕ್ಯಾರಿಯರ್‌ಗೆ ಕಟ್ಟಿ, ಇಲ್ಲವೇ ಮುಂದೆ ಬುಟ್ಟಿ ಹಾಕಿಸಿ. ಬೆನ್ನ ಮೇಲೆ ಚೀಲ ಹೊತ್ತರೆ ಬೆವರು ಆರಬೇಕಾದ ದೊಡ್ಡ ಜಾಗವನ್ನೇ ಮುಚ್ಚಿದಂತೆ. ಸೈಕಲ್ಲನ್ನು ನೆರಳಲ್ಲಿ ನಿಲ್ಲಿಸಿ. ನೆರಳಿಲ್ಲದಿದ್ದರೆ ಕಪ್ಪು ಸೀಟಿಗೆ ಬಿಳಿ ಬಟ್ಟೆಯ ಗವಸು ಹಾಕಿ.

13. ಕಚೇರಿ ಮುಟ್ಟಿದ ಮೇಲಿನ ಹದಿನೈದು ನಿಮಿಷ

ಸೈಕಲ್ ನಿಲ್ಲಿಸಿದ ಮೇಲೂ ಹತ್ತು-ಹದಿನೈದು ನಿಮಿಷ ಬೆವರು ಬರುತ್ತಲೇ ಇರುತ್ತದೆ. ಆಗಲೇ ಅಂಗಿ ಬದಲಿಸಿದರೆ ಹೊಸ ಅಂಗಿಯೂ ತೋಯುತ್ತದೆ. ಎಂಟಕ್ಕೆ ಕೆಲಸವಾದರೆ ಏಳೂಮುಕ್ಕಾಲಿಗೆ ಮುಟ್ಟಿ. ಫ್ಯಾನಿನ ಕೆಳಗೆ ನಿಲ್ಲಿ, ಮುಖ, ಕುತ್ತಿಗೆ, ಕಂಕುಳನ್ನು ಒದ್ದೆ ಟವೆಲ್ಲಿನಿಂದ ಒರೆಸಿ, ಪೂರ್ತಿ ಆರಿದ ಮೇಲೆ ಬಟ್ಟೆ ಬದಲಿಸಿ. ಸೋಮವಾರ ಒಮ್ಮೆಗೇ ವಾರದ ಇಸ್ತ್ರಿ ಅಂಗಿಗಳನ್ನು ತಂದಿಟ್ಟುಕೊಂಡರೆ ದಿನವೂ ಹೊರುವ ತಾಪತ್ರಯವಿಲ್ಲ.

ಬೆವರಿನ ವಾಸನೆಗೆ ಅಂಜಿಯೇ ಎಷ್ಟೋ ಜನ ಸೈಕಲ್ ಬಿಡುತ್ತಾರೆ. ತಾಜಾ ಬೆವರಿಗೆ ವಾಸನೆ ಇಲ್ಲವೆನ್ನುವಷ್ಟು ಕಡಿಮೆ. ಚರ್ಮದ ಮೇಲಿನ ಬ್ಯಾಕ್ಟೀರಿಯಾ ಅದರ ಮೇಲೆ ಕೆಲಸ ಮಾಡಿದ ಮೇಲೆ ವಾಸನೆ ಹುಟ್ಟುತ್ತದೆ. ಹೊರಡುವ ಮೊದಲು ಸ್ನಾನ ಮಾಡಿ, ಒಗೆದ ಬಟ್ಟೆ ತೊಟ್ಟು ಬಂದವರು ಕಚೇರಿಯಲ್ಲಿ ಒರೆಸಿಕೊಂಡರೆ ಸಾಕಾಗುತ್ತದೆ. ಕ್ಷೌರದಂಗಡಿಯಲ್ಲಿ ಬಳಸುವ ಪಟಿಕದ ಕಲ್ಲನ್ನು ಒದ್ದೆ ಮಾಡಿ ಕಂಕುಳಿಗೆ ಉಜ್ಜಿಕೊಳ್ಳುವುದು ಅಗ್ಗದ, ಒಳ್ಳೆಯ ಉಪಾಯ.

14. ಮೈ ಕೊಡುವ ಎಚ್ಚರಿಕೆ ಕೇಳಿ

ತಲೆ ಸಿಡಿತ, ವಾಕರಿಕೆ, ಕಾಲಿನ ಸೆಳೆತ, ಕಣ್ಣು ಮಂಜು, ಬಿಸಿಲಲ್ಲೂ ಚಳಿ ಬಂದಂತೆ ಮೈ ಜುಮ್ಮೆನ್ನುವುದು, ಇವುಗಳಲ್ಲಿ ಯಾವುದೇ ಒಂದು ಕಂಡರೂ ಇನ್ನೇನು ಮನೆ ಬಂತು ಎಂದು ತುಳಿಯಬೇಡಿ. ಆ ಕ್ಷಣ ಇಳಿದು ನೆರಳು ಸೇರಿ, ಅಂಗಿ ಸಡಿಲಿಸಿ, ಕುತ್ತಿಗೆ, ಕಂಕುಳು, ತಲೆಗೆ ನೀರು ಹಾಕಿ, ಗುಟುಕು ಗುಟುಕಾಗಿ ಕುಡಿಯಿರಿ. ಅರ್ಧ ಗಂಟೆಯಲ್ಲಿ ಸರಿಹೋಗದಿದ್ದರೆ ವೈದ್ಯರ ಹತ್ತಿರ ಹೋಗಿ. ಸರಿಹೋದರೂ ಅಂದು ಮತ್ತೆ ಸೈಕಲ್ ಹತ್ತಬೇಡಿ.

ದಾರಿಯಲ್ಲಿ ಯಾರಾದರೂ ಗೊಂದಲದಿಂದ ತೊದಲುತ್ತಿದ್ದರೆ, ತೂರಾಡಿದರೆ, ಬಿದ್ದರೆ, ಅದು ಉಷ್ಣಾಘಾತವಾಗಿರಬಹುದು. ಮೈಯ ಒಳಗಿನ ಉಷ್ಣಾಂಶ 40 ಡಿಗ್ರಿ ದಾಟಿದಾಗ ಮಿದುಳು ಕೆಲಸ ತಪ್ಪುತ್ತದೆ. 108ಕ್ಕೆ ಕರೆ ಮಾಡಿ, ಆಂಬುಲೆನ್ಸ್ ಬರುವವರೆಗೆ ಸುಮ್ಮನೆ ಕಾಯದೆ ಮೈತುಂಬ ನೀರು ಸುರಿದು ಗಾಳಿ ಬೀಸುತ್ತಲೇ ಇರಿ. ಪ್ರಜ್ಞೆ ಸರಿಯಿಲ್ಲದವರ ಬಾಯಿಗೆ ನೀರು ಹಾಕಬೇಡಿ, ಶ್ವಾಸನಾಳಕ್ಕೆ ಹೋಗುತ್ತದೆ. ಬೇಗ ತಣಿಸಿದಷ್ಟೂ ಜೀವ ಉಳಿಯುವ ಸಾಧ್ಯತೆ ಹೆಚ್ಚು.

ಹೃದಯದ ತೊಂದರೆ ಇರುವವರು, ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರು, ಗರ್ಭಿಣಿಯರು, ಜ್ವರ ಬಂದು ಎದ್ದವರು ಮಧ್ಯಾಹ್ನದ ಸವಾರಿಗೆ ಮೊದಲು ವೈದ್ಯರನ್ನು ಕೇಳಲೇಬೇಕು.

15. ಸೈಕಲ್ ಅನ್ನು ಕಚೇರಿಯಲ್ಲೇ ಬಿಟ್ಟು ಬರುವ ದಿನಗಳಿರಲಿ

ಹವಾಮಾನ ಇಲಾಖೆ ಬಿಸಿಗಾಳಿಯ ಎಚ್ಚರಿಕೆ ಕೊಟ್ಟ ದಿನ, ರಾತ್ರಿ ನಿದ್ದೆ ಸರಿಯಾಗದ ದಿನ, ಹೊಟ್ಟೆ ಕೆಟ್ಟ ದಿನ ಮಧ್ಯಾಹ್ನದ ಸವಾರಿ ಬೇಡ. ಬೆಳಿಗ್ಗೆ ಸೈಕಲ್ಲಿನಲ್ಲಿ ಬಂದು, ಅದನ್ನು ಕಚೇರಿಯಲ್ಲೇ ಬೀಗ ಹಾಕಿ ನಿಲ್ಲಿಸಿ, ಬಸ್ಸಿನಲ್ಲಿ ಮರಳಿ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ಟಿಕೆಟ್ ದುಡ್ಡಿಲ್ಲ. ಸೈಕಲ್ ತುಳಿಯುವ ಮಹಿಳೆಯರಿಗೆ ಇದು ಒಳ್ಳೆಯ ಜೊತೆ. ಮರುದಿನ ಬಸ್ಸಿನಲ್ಲೇ ಬಂದು, ಬಿಸಿಲು ಇಳಿದ ಸಂಜೆ ನೋಡಿ ಸೈಕಲ್ ಮನೆಗೆ ಒಯ್ಯಬಹುದು. ಬೆಂಗಳೂರಿನಲ್ಲಿ ಮಡಚುವ ಸೈಕಲ್ಲನ್ನು ನಮ್ಮ ಮೆಟ್ರೋದೊಳಗೆ ಒಯ್ಯಲು 2020ರಿಂದ ಅವಕಾಶವಿದೆ, ಅಲ್ಲಿನವರು ದಾರಿಯನ್ನು ಎರಡು ತುಂಡು ಮಾಡಿಕೊಳ್ಳಬಹುದು. ವಾರದಲ್ಲಿ ಮೂರು ದಿನವಾದರೂ ತಪ್ಪದೆ ತುಳಿದರೆ ಬೇಸಿಗೆ ಮುಗಿಯುವ ಹೊತ್ತಿಗೆ ನೀವು ಸೈಕಲ್ ಸವಾರರಾಗಿಯೇ ಉಳಿದಿರುತ್ತೀರಿ. ಆರೂ ದಿನ ತುಳಿಯುತ್ತೇನೆಂದು ಪಣ ತೊಟ್ಟವರು ಮೇ ತಿಂಗಳಲ್ಲಿ ಬಿಟ್ಟುಬಿಡುವುದನ್ನು ಕಂಡಿದ್ದೇನೆ.

16. ಕಚೇರಿಯ ಮುಖ್ಯಸ್ಥರಿಗೆ ಒಂದು ಅರ್ಜಿ ಬರೆಯಿರಿ

ಕಾರುಗಳಿಗೆ ತಗಡಿನ ಚಾವಣಿ ಇರುವ ಎಷ್ಟೋ ಕಚೇರಿಗಳಲ್ಲಿ ಸೈಕಲ್ ನಿಲ್ಲುವುದು ಬಯಲಲ್ಲಿ. ಅಲ್ಲಿಗೆ ಸೈಕಲ್ಲಿನಲ್ಲಿ ಬರುವವರು ಹೆಚ್ಚಾಗಿ ಕಾವಲುಗಾರರು, ಕಸ ಗುಡಿಸುವವರು, ದಿನಗೂಲಿಯವರು. ಕೇಳಲು ಅವರಿಗೆ ಅಂಜಿಕೆ. ಆದ್ದರಿಂದ ಅರ್ಜಿಯನ್ನು ನೀವು ಬರೆಯಿರಿ, ಅವರ ಹೆಸರನ್ನೂ ಸೇರಿಸಿ ಸಹಿ ಹಾಕಿಸಿ. ಬೇಡಿಕೆ ಸಣ್ಣದಿರಲಿ, ಸ್ಪಷ್ಟವಾಗಿರಲಿ: ನೆರಳಿರುವ ಕಡೆ ಹತ್ತು ಸೈಕಲ್ ನಿಲ್ಲುವಷ್ಟು ಜಾಗ, ಬೀಗ ಹಾಕಲು ನೆಲಕ್ಕೆ ಹುಗಿದ ಒಂದು ಕಬ್ಬಿಣದ ಕೊಳವೆ, ನೀರು ಬರುವ ನಲ್ಲಿ, ಬಾಗಿಲಿಗೆ ಚಿಲಕವಿರುವ ಒಂದು ಬಟ್ಟೆ ಬದಲಿಸುವ ಕೋಣೆ, ಅದರಲ್ಲಿ ನಾಲ್ಕು ಗೂಟ, ಟೈರಿಗೆ ಗಾಳಿ ತುಂಬಲು ಒಂದು ಕೈಪಂಪು. ಜೊತೆಗೆ ಸೈಕಲ್ ಸ್ಟ್ಯಾಂಡಿನ ಪಡುವಣ ಬದಿಗೆ ಎರಡು ಹೊಂಗೆ ಸಸಿ ನೆಡಲು ಅನುಮತಿ ಕೇಳಿ. ಅರ್ಜಿಯನ್ನು ಫೆಬ್ರುವರಿಯಲ್ಲೇ ಕೊಟ್ಟರೆ ಏಪ್ರಿಲ್ ಒಳಗೆ ಕೊಳವೆ, ನಲ್ಲಿ, ಗೂಟಗಳಾದರೂ ಆಗುತ್ತವೆ. ಸಸಿಗಳನ್ನು ಜೂನ್ ಮಳೆ ಬಿದ್ದ ಮೇಲೆ ನೆಡಿ, ಮೊದಲ ಎರಡು ಬೇಸಿಗೆ ನೀರು ಹಾಕುವ ಸರದಿಯನ್ನು ಸೈಕಲ್ ಸವಾರರೇ ಹಂಚಿಕೊಳ್ಳಿ.